ಪದಚರ್ಚೆ: ಓತಿ, ಗೋಸುಂಬೆ, ಉಡ – ಯಾವುದಕ್ಕೆ ಯಾವ ಹೆಸರು?

ಎಲ್ಲರಿಗೂ ನಮಸ್ಕಾರ.

ಹಾಸನದ ಮಕ್ಕಳಿಗಾಗಿ ಪ್ರಪಂಚದ ಲಿಝರ್ಡ್‌ಗಳ ಬಗ್ಗೆ ಒಂದು ಕಿರುಹೊತ್ತಿಗೆ ತಯಾರಾಗುತ್ತಿದೆ. ಸುಮಾರು 7000 ಪ್ರಭೇದಗಳಿರುವ ಈ ಗುಂಪಿಗೆ ‘ಹಲ್ಲಿ’ ಎಂದುಬಿಟ್ಟರೆ ಕಣ್ಣಿಗೆ ಬರುವುದು ಗೋಡೆಯ ಮೇಲಿನದೊಂದೇ. 3 ಮೀಟರ್ ಬೆಳೆಯಬಲ್ಲ ಕೊಮೊಡೊ ಉಡ ಆ ಮಾತಿನೊಳಗೆ ಹಿಡಿಸುವುದಿಲ್ಲ. ಗಿಡಮರ, ಹುಳಹುಪ್ಪಟೆ ಎನ್ನುವ ಹಾಗೆ ‘ಹಲ್ಲಿ-ಓತಿ’ ಎಂದು ಜೋಡಿಸಿದರೆ ಸರಿಹೋಗುತ್ತದೆ ಎಂದು ನನ್ನ ಎಣಿಕೆ.

ಹೆಚ್ಚು ತೊಡಕಿರುವುದು ‘ಗೋಸುಂಬೆ’ಯಲ್ಲಿ. ಬೇಲಿಯ ಮೇಲೆ ತಲೆ ಆಡಿಸುವ ಓತಿಕ್ಯಾತನ ಕತ್ತು ಕೆಂಪಾದ ಕೂಡಲೇ ಅನೇಕರು ಅದನ್ನೇ ಗೋಸುಂಬೆ ಎನ್ನುತ್ತಾರೆ. ಆ ಕೆಂಪು ಬೆದೆಗಾಲದ ಗಂಡಿನದು. ನಿಜವಾದ ಗೋಸುಂಬೆಯನ್ನು ಬಣ್ಣದಿಂದಲ್ಲ, ಪಾದದಿಂದ ಗುರುತಿಸಬೇಕು. ಮುಂಗಾಲಿನಲ್ಲಿ ಒಳಗಡೆಯ ಮೂರು ಬೆರಳು ಒಂದು ಕಟ್ಟು, ಹೊರಗಡೆಯ ಎರಡು ಇನ್ನೊಂದು ಕಟ್ಟು. ಹಿಂಗಾಲಿನಲ್ಲಿ ಇದು ತಿರುವುಮುರುವು. ಕೊಂಬೆಯನ್ನು ಇಕ್ಕಳದಂತೆ ಕಚ್ಚಿ ಹಿಡಿಯುವುದಕ್ಕೆ ಈ ಏರ್ಪಾಟು. ಬಾಲವೂ ಸುರುಳಿ ಸುತ್ತಿ ಹಿಡಿಯುತ್ತದೆ, ಎರಡು ಕಣ್ಣು ಎರಡು ಕಡೆ ತಿರುಗುತ್ತವೆ. ಓತಿಕ್ಯಾತನಿಗಾದರೋ ಐದು ಬೆರಳೂ ಬಿಡಿಬಿಡಿ, ಬಾಲ ಉದ್ದಕ್ಕೆ ಚಾಚಿದ್ದು. ‘ಊಸರವಳ್ಳಿ’ಯನ್ನೂ ಗೋಸುಂಬೆಗೇ ಮೀಸಲಿಡುವುದು ಒಳ್ಳೆಯದು.

ಸಕಲೇಶಪುರ, ಮೂಡಿಗೆರೆ ಕಡೆಯ ‘ಹಾರುವ ಓತಿ’ಯನ್ನು ಕೆಲವರು ‘ತೇಲುವ ಓತಿ’ ಎಂದು ತಿದ್ದುತ್ತಾರೆ. ಉದ್ದವಾಗಿ ಬೆಳೆದ ಪಕ್ಕೆಲುಬುಗಳನ್ನು ಚಾಚಿ, ಅವುಗಳ ಮೇಲಿನ ಚರ್ಮವನ್ನು ಕೊಡೆಯಂತೆ ಬಿಚ್ಚಿ ಅದು ಮರದಿಂದ ಮರಕ್ಕೆ ಜಾರಿಕೊಂಡು ಹೋಗುತ್ತದೆ, ರೆಕ್ಕೆ ಬಡಿಯುವುದಿಲ್ಲ ಎನ್ನುವುದು ಸರಿಯೇ. ಆದರೆ ಕನ್ನಡದಲ್ಲಿ ಕಾಲುವೆ ದಾಟುವ ಹುಡುಗನೂ ಹಾರುತ್ತಾನೆ, ಹಕ್ಕಿಯೂ ಹಾರುತ್ತದೆ. ಹಳೆಯ ಹೆಸರಲ್ಲಿ ತಪ್ಪೇನೂ ಇಲ್ಲ, ಬದಲಿಸಬೇಡಿ.

ಅಮೆರಿಕದ ಕಡೆಯ ದೊಡ್ಡ ಓತಿಯಂಥ ಇಗ್ವಾನಾವನ್ನು ಹೊತ್ತಿಗೆಯಲ್ಲಿ ‘ಅಮೆರಿಕದ ಉಡ’ ಎಂದು ಬರೆದದ್ದು ಮಾತ್ರ ಹೋಗಬೇಕು. ಉಡದ್ದು ಹಾವಿನಂತೆ ಸೀಳುನಾಲಿಗೆ, ಬೇಟೆಯ ಬದುಕು. ಇಗ್ವಾನಾ ಸೊಪ್ಪು ತಿನ್ನುವ ಪ್ರಾಣಿ. ಗಾಲಪಗೋಸ್ ದ್ವೀಪಗಳಲ್ಲಿ ಕಡಲಿಗಿಳಿದು ಪಾಚಿ ಮೇಯುವ ಜಾತಿಯೂ ಇದೆ. ಇಗ್ವಾನಾ ಎಂದೇ ಇರಲಿ.

ಅರಸೀಕೆರೆ, ಕಡೂರು ಕಡೆಯವರು ದಯವಿಟ್ಟು ತಿಳಿಸಿ: ಬೆರಳು ಜೋಡಿರುವ, ನಿಧಾನ ನಡೆಯ ಆ ಪ್ರಾಣಿಗೆ ನಿಮ್ಮ ಮನೆಮಾತಿನಲ್ಲಿ ಗೋಸುಂಬೆ ಎನ್ನುತ್ತೀರೋ, ಊಸರವಳ್ಳಿಯೋ, ಬೇರೆ ಹೆಸರಿದೆಯೋ?