ಕವಲುಕತೆಯಲ್ಲಿ ಕಪ್ಪುವರ್ಣೀಯ ಪಾತ್ರ: ಗಾಢ ಮೈಬಣ್ಣ ಆರಿಸಿದರೆ ಮುಖ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿದೆ

ಮಸಿಕುಂಚ (ಪ್ರಶ್ನೆ)

ಓದುಗರೇ ನಾಯಕಿಯ ರೂಪ ಆರಿಸಿಕೊಳ್ಳುವ ಕವಲುಕತೆ (ಓದುಗರ ಆಯ್ಕೆಯಂತೆ ದಾರಿ ಬದಲಿಸುವ ಕತೆ), ಇಂಥ ಕತೆಗಳನ್ನು ಕಟ್ಟುವ ರೆನ್‌ಪೈ ತಂತ್ರಾಂಶದಲ್ಲಿ. 2ಡಿ ಸ್ಪ್ರೈಟ್ (ಹಿನ್ನೆಲೆಯ ಮೇಲೆ ಕೂರಿಸುವ ಪಾತ್ರದ ಚಿತ್ರ), 1080 ಪಿಕ್ಸೆಲ್ ಎತ್ತರದ ಪರದೆ. ಮೂಲಚಿತ್ರದ ಚರ್ಮ ತಿಳಿ ಗೋಧಿ ಬಣ್ಣದ್ದು, ಸುಮಾರು (243, 201, 165), ಅಂದರೆ 0ರಿಂದ 255ರ ಅಳತೆಯಲ್ಲಿ ಕೆಂಪು, ಹಸಿರು, ನೀಲಿ. ಅದರ ಮೇಲೆ ಬಣ್ಣ ಬಳಿಯುವ ಟಿಂಟ್‌ಮ್ಯಾಟ್ರಿಕ್ಸ್ ಹಾಕಿ 12 ಬಣ್ಣದ ಬಿಲ್ಲೆ ಕೊಟ್ಟಿದೆ. ಮೊದಲ ಎಂಟು ಪರವಾಗಿಲ್ಲ. ಕೊನೆಯ ನಾಲ್ಕು ಮಾತ್ರ ಇಟ್ಟಿಗೆಯ ಕೆಂಪಿಗೆ ತಿರುಗುತ್ತವೆ. ರಾತ್ರಿಯ ದೃಶ್ಯದಲ್ಲಂತೂ ಕಣ್ಣು, ಹಲ್ಲು ಬಿಟ್ಟರೆ ಮುಖವೇ ಕಾಣುವುದಿಲ್ಲ. ಕೂದಲಿನ ಬಗೆ 14 ಇವೆ, ಅದರಲ್ಲಿ ಆಫ್ರೊ (ದುಂಡಗೆ ಅರಳಿದ ಬಿಗಿ ಗುಂಗುರು) ಒಂದೇ, ಅದೂ ಮೋಡದ ಮುದ್ದೆಯ ಹಾಗಿದೆ. ಎಲ್ಲವನ್ನೂ ಹೊಸದಾಗಿ ಬಿಡಿಸದೆ ಇದನ್ನು ಸರಿಪಡಿಸಬಹುದೇ? ಎಷ್ಟು ಛಾಯೆ ಇರಬೇಕು? ಕತೆಯ ಪಠ್ಯದಲ್ಲೂ ಏನಾದರೂ ಬದಲಿಸಬೇಕೇ?

ಪದರಗಾರ

ಚರ್ಮದ ಲೇಯರ್ (ಚಿತ್ರದ ಪದರ) ಒಂದನ್ನು ಸರಿಮಾಡಿಕೊಂಡರೆ ಉಳಿದದ್ದನ್ನು ಹೊಸದಾಗಿ ಬಿಡಿಸಬೇಕಿಲ್ಲ. ಮೊದಲು ಕೆಂಪಿನ ಕಾರಣ ನೋಡಿ. ಟಿಂಟ್ ಅಂದರೆ ಗುಣಾಕಾರ. ನಿಮಗೆ ಬೇಕಾದ ಕಂದು (96, 65, 52) ಎಂದಿಟ್ಟುಕೊಳ್ಳಿ. ಅದನ್ನು (243, 201, 165)ರ ಜೊತೆ ಗುಣಿಸಿ 255ರಿಂದ ಭಾಗಿಸಿದರೆ ಸಿಗುವುದು (91, 51, 34). ಕೆಂಪು ಹೆಚ್ಚುಕಡಿಮೆ ಇದ್ದಲ್ಲೇ ಇದೆ, ಹಸಿರು ಮತ್ತು ನೀಲಿ ಕುಸಿದಿವೆ. ಮೂಲಚಿತ್ರದ ನೆರಳು ಗುಲಾಬಿ ಕಡೆಗಿದ್ದರೆ ಅಲ್ಲಿ ಇನ್ನೂ ಕೆಡುತ್ತದೆ. ಒಂದು ಚರ್ಮದ ಮೇಲೆ ಇನ್ನೊಂದು ಚರ್ಮ ಬಳಿದಂತೆ ಆಗುತ್ತಿದೆ, ಅಷ್ಟೇ.

ಹೀಗೆ ಮಾಡಿ. ಚರ್ಮದ ಲೇಯರಿನಿಂದ ಹೈಲೈಟುಗಳನ್ನು (ಹೊಳೆಯುವ ಜಾಗಗಳನ್ನು) ಮೊದಲು ಬೇರೆ ಲೇಯರಿಗೆ ತೆಗೆಯಿರಿ. ಆಮೇಲೆ ಉಳಿದದ್ದನ್ನು ಬೂದು ಮಾಡಿ, ಬೆಳಕು ಬಿದ್ದ ಸಮತಟ್ಟಾದ ಭಾಗ 255ಕ್ಕೆ ಬರುವಂತೆ ಲೆವೆಲ್ಸ್ (ತಿಳಿ-ಗಾಢದ ಹೊಂದಿಕೆ) ಏರಿಸಿ. ಈ ಕ್ರಮ ತಪ್ಪಿದರೆ ಹೈಲೈಟ್ ಮತ್ತು ಚರ್ಮ ಎರಡೂ 255ರಲ್ಲಿ ಸೇರಿಹೋಗಿ ಮೂಗಿನ ಏಣೇ ಮಾಯವಾಗುತ್ತದೆ. ಕಣ್ಣು, ಹಲ್ಲು, ಒಸಡು, ತುಟಿ, ಉಗುರು, ಅಂಗೈ, ಅಂಗಾಲು ಚರ್ಮದ ಲೇಯರಿನಲ್ಲಿ ಇರಲೇಬಾರದು. ಗಾಢ ಚರ್ಮದವರ ಅಂಗೈ, ಅಂಗಾಲು ತಿಳಿಯಾಗಿರುತ್ತವೆ. ಬೆರಳ ಗೆಣ್ಣು ಮತ್ತು ಮೊಣಕೈ ಸುತ್ತಲಿನ ಚರ್ಮಕ್ಕಿಂತ ಕಪ್ಪು. ಮೇಲ್ದುಟಿ, ಕೆಳದುಟಿ ಒಂದೇ ಬಣ್ಣವಾಗಿರಬೇಕೆಂದಿಲ್ಲ. ಕೈ ಎತ್ತಿ ಬೀಸುವ ಭಂಗಿಯಲ್ಲಿ ಅಂಗೈ ಮುಂಗೈಯಷ್ಟೇ ಕಪ್ಪಾಗಿ ಕಂಡರೆ ಬಿಡಿಸಿದವರು ನೋಡದೆ ಬಿಡಿಸಿದ್ದಾರೆ ಎಂದು ತಕ್ಷಣ ತಿಳಿಯುತ್ತದೆ.

ಈಗ ಟಿಂಟ್‌ಮ್ಯಾಟ್ರಿಕ್ಸ್ ತೆಗೆದು ಕಲರೈಜ್‌ಮ್ಯಾಟ್ರಿಕ್ಸ್ ಹಾಕಿ. ಅದು ಎರಡು ಬಣ್ಣ ಕೇಳುತ್ತದೆ: ಬೂದುಚಿತ್ರದ ಕಪ್ಪಿಗೆ ಒಂದು, ಬಿಳಿಗೆ ಒಂದು. ಹಾಗಾಗಿ ಪ್ರತಿ ಛಾಯೆಯ ನೆರಳಿಗೂ ಅದರದೇ ಬಣ್ಣ ಕೊಡಬಹುದು. (96, 65, 52)ಕ್ಕೆ ನೆರಳಾಗಿ (52, 30, 32) ಇಟ್ಟು ನೋಡಿ, ದ್ರಾಕ್ಷಿಯ ಛಾಯೆ ಸ್ವಲ್ಪ ಇರುವ ಕಂದು. ಗಾಢ ಚರ್ಮದ ನೆರಳಿಗೆ ಶುದ್ಧ ಕಪ್ಪು ಕೊಟ್ಟರೆ ಮಸಿ ಮೆತ್ತಿದಂತೆ ಕಾಣುತ್ತದೆ.

ಎಷ್ಟು ಛಾಯೆ ಎಂಬುದಕ್ಕೆ: ಫಿಟ್ಜ್‌ಪ್ಯಾಟ್ರಿಕ್ ಮಾಪಕ ಹಿಡಿದು ಹೊರಡಬೇಡಿ. ಅದು 1975ರಲ್ಲಿ ಹುಟ್ಟಿದ್ದು ಬಿಸಿಲಿಗೆ ಚರ್ಮ ಹೇಗೆ ಸುಡುತ್ತದೆ ಎಂದು ಅಳೆಯುವುದಕ್ಕೆ. ಗಾಢ ಚರ್ಮದ 5 ಮತ್ತು 6ನೇ ಬಗೆ ಆಮೇಲೆ ಸೇರಿದ್ದು. ಯೂನಿಕೋಡ್ 2015ರಲ್ಲಿ ಎಮೋಜಿಗೆ ಐದು ಮೈಬಣ್ಣ ಕೊಟ್ಟಾಗ ಅದನ್ನೇ ಆಧರಿಸಿತು. ಪಾತ್ರರಚನೆಗೆ ಸಮಾಜಶಾಸ್ತ್ರಜ್ಞ ಎಲಿಸ್ ಮಂಕ್ ರೂಪಿಸಿದ, ಗೂಗಲ್ 2022ರಲ್ಲಿ ಹೊರತಂದ 10 ಛಾಯೆಯ ಮಾಪಕ ಮೇಲು. ಅದರ 6ರಿಂದ 10: (160, 126, 86), (130, 92, 67), (96, 65, 52), (58, 49, 42), (41, 36, 32). ಆದರೆ ಅದನ್ನೂ ಹಾಗೇ ಎತ್ತಿಟ್ಟರೆ ಸಾಲದು. 5ನೆಯದು (215, 189, 150). ಅಲ್ಲಿಂದ 6ಕ್ಕೆ ದೊಡ್ಡ ಜಿಗಿತ, 8ರಿಂದ 9ಕ್ಕೂ ಹಾಗೇ. ಆ ಎರಡು ಕಡೆ ನಡುವೆ ಒಂದೊಂದು ಸೇರಿಸಿ. 9 ಮತ್ತು 10ರಲ್ಲಿ ಬಣ್ಣದ ಸಾಂದ್ರತೆ ಕಡಿಮೆ, ಚಿತ್ರದಲ್ಲಿ ಬೂದಿ ಬಡಿದಂತೆ ಕಾಣಬಹುದು. 10ಕ್ಕೆ (48, 34, 29) ಇಟ್ಟರೆ ಜೀವ ಬರುತ್ತದೆ. ಅಲ್ಲಿಗೆ 12 ಆಯಿತು, ನಿಮ್ಮ ಲೆಕ್ಕವೇ, ಆದರೆ ಹಂಚಿಕೆ ಬೇರೆ. ಒಂದೇ ಗಾಢತೆಯಲ್ಲಿ ಕೆಂಪುಛಾಯೆ, ಹೊಂಬಣ್ಣದ ಛಾಯೆ, ತಂಪುಛಾಯೆ ಎಂಬ ಮೂರು ಒಳಬಣ್ಣ ಕೊಡಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ದಿ ಸಿಮ್ಸ್ 4 ಆಟ ಡಿಸೆಂಬರ್ 2020ರ ಅಪ್‌ಡೇಟ್‌ನಲ್ಲಿ ನೂರಕ್ಕೂ ಹೆಚ್ಚು ಮೈಬಣ್ಣ ಸೇರಿಸಿ, ಗಾಢತೆಗೆ ಸ್ಲೈಡರ್ ಕೊಟ್ಟದ್ದು ಇದೇ ಕೊರತೆ ನೀಗಲು.

ಬಿಲ್ಲೆಗಳಿಗೆ ಚಾಕೊಲೇಟ್, ಕಾಫಿ ಎಂದೆಲ್ಲ ತಿನಿಸಿನ ಹೆಸರು ಇಡಬೇಡಿ. ಸಂಖ್ಯೆ ಸಾಕು.

ನೆರಳುಬೆಳಕು

ಮೇಲಿನದ್ದಕ್ಕೆ ರಾತ್ರಿಯ ದೃಶ್ಯದ ಮಾತು ಸೇರಿಸುತ್ತೇನೆ. ಸ್ಪ್ರೈಟಿನ ಮೇಲೆ ನೀಲಿ ಟಿಂಟ್ ಹಾಕಿದ್ದೀರಿ ಅನಿಸುತ್ತದೆ. ಅದು (110, 120, 170) ಇದ್ದರೆ (41, 36, 32)ರ ಚರ್ಮ (18, 17, 21)ಕ್ಕೆ ಇಳಿಯುತ್ತದೆ. ಅಲ್ಲಿಗೆ ಮುಖ, ಕೂದಲು, ಗೆರೆ, ಹಿನ್ನೆಲೆ ಎಲ್ಲ ಒಂದೇ. ಟಿಂಟ್ ಇಲ್ಲದೆಯೂ ಆ ಬಣ್ಣಕ್ಕೂ ಶುದ್ಧ ಕಪ್ಪಿಗೂ ಇರುವ ಕಾಂಟ್ರಾಸ್ಟ್ (ಹೊಳಪಿನ ಅಂತರ) 1.37:1 ಮಾತ್ರ. ಪರದೆಯಲ್ಲಿ ಅರ್ಥಪೂರ್ಣ ಆಕಾರಗಳಿಗೆ ವೆಬ್ ಸುಲಭಲಭ್ಯತೆಯ ನಿಯಮ ಕೇಳುವುದು 3:1.

ಚರ್ಮವನ್ನು ತಿಳಿ ಮಾಡಿ ಇದನ್ನು ಬಗೆಹರಿಸಬೇಡಿ. ರಾತ್ರಿಯಾದೊಡನೆ ನಾಯಕಿಯ ಬಣ್ಣ ಎರಡು ಮೆಟ್ಟಿಲು ಏರಿದರೆ ಓದುಗರು ಆರಿಸಿದ ಪಾತ್ರವನ್ನೇ ಕಿತ್ತುಕೊಂಡಂತೆ. ಬದಲಿಸಬೇಕಾದದ್ದು ಬೆಳಕು.

ಭೌತಶಾಸ್ತ್ರ ಇಲ್ಲಿ ನಿಮ್ಮ ಪರವಾಗಿದೆ. ಚರ್ಮದ ಒಳಹೊಕ್ಕು ಚದುರಿ ಬರುವ ಬೆಳಕನ್ನು ಮೆಲನಿನ್ ಹೀರುತ್ತದೆ, ಆದರೆ ಮೇಲ್ಮೈಯಿಂದ ನೇರವಾಗಿ ಪ್ರತಿಫಲಿಸುವ ಹೊಳಪನ್ನು ಮೆಲನಿನ್ ಮುಟ್ಟುವುದಿಲ್ಲ. ಎದುರಿನಿಂದ ಬಿದ್ದ ಬೆಳಕಿನ ಶೇ 3ರಷ್ಟು ಹೊಳಪಾಗಿ ಹಿಂತಿರುಗುವುದು ಎಲ್ಲ ಬಣ್ಣದ ಚರ್ಮದಲ್ಲೂ ಒಂದೇ. ಗಾಢ ಚರ್ಮದಲ್ಲಿ ಸುತ್ತಲಿನ ಬಣ್ಣ ಆಳವಾಗಿರುವುದರಿಂದ ಆ ಹೊಳಪು ಎದ್ದು ಕಾಣುತ್ತದೆ, ಮುಖದ ಆಕಾರವನ್ನು ಹೇಳುವುದೂ ಅದೇ. ಲೆಕ್ಕದಲ್ಲೇ ನೋಡಿ: ನೆರಳಿನ ಬೂದು 165 ಇದ್ದು ಬರೀ ಗುಣಿಸಿದರೆ ತಿಳಿ ಚರ್ಮದ ಕೆಂಪು 246ರಿಂದ 159ಕ್ಕೆ ಇಳಿಯುತ್ತದೆ, ಗಾಢ ಚರ್ಮದ್ದು 41ರಿಂದ 27ಕ್ಕೆ. 87 ಮೆಟ್ಟಿಲು ಎಲ್ಲಿ, 14 ಎಲ್ಲಿ! ಅಂದರೆ ತಿಳಿ ಚರ್ಮವನ್ನು ನೆರಳಿನಿಂದ ಬಿಡಿಸಬಹುದು, ಗಾಢ ಚರ್ಮವನ್ನು ಬೆಳಕಿನಿಂದಲೇ ಬಿಡಿಸಬೇಕು.

ಹಾಗಾಗಿ ಬೇರೆ ತೆಗೆದಿಟ್ಟ ಹೈಲೈಟ್ ಲೇಯರನ್ನು ಸ್ಕ್ರೀನ್ ವಿಧಾನದಲ್ಲಿ (ಕೆಳಗಿನ ಬಣ್ಣವನ್ನು ತಿಳಿ ಮಾಡುತ್ತಾ ಬೆರೆಸುವ ಬಗೆ) ಶೇ 25ರಿಂದ 35ರ ದಟ್ಟಣೆಯಲ್ಲಿ ಕೂರಿಸಿ. ಜಾಗ: ಹಣೆಯ ಉಬ್ಬು, ಮೂಗಿನ ಏಣು ಮತ್ತು ತುದಿ, ಕೆನ್ನೆಯ ಎಲುಬು, ಮೇಲ್ದುಟಿಯ ಅಂಚು, ಕೆಳದುಟಿಯ ನಡು, ಕೊರಳೆಲುಬು. ಹೈಲೈಟಿಗೆ ಬಿಳಿ ಕೊಟ್ಟರೆ ಸುಣ್ಣ ಹಚ್ಚಿದಂತೆ ಕಾಣುತ್ತದೆ. ದೃಶ್ಯದ ದೀಪ ಯಾವ ಬಣ್ಣವೋ ಹೈಲೈಟ್ ಆ ಬಣ್ಣ. ರಾತ್ರಿಗೆ ಇನ್ನೊಂದು ಲೇಯರ್ ಬೇಕು: ದೇಹದ ಒಂದು ಬದಿಯ ಅಂಚಿಗೆ 4ರಿಂದ 6 ಪಿಕ್ಸೆಲ್ ಅಗಲದ ಬೆಳಕಿನ ಗೆರೆ, ಚಂದ್ರನಿದ್ದರೆ ತಿಳಿನೀಲಿ, ದೀಪವಿದ್ದರೆ ಹೊಂಬಣ್ಣ. ನೀಲಿ ಟಿಂಟನ್ನು ಪೂರ್ತಿ ಹಾಕದೆ ಶೇ 40ಕ್ಕೆ ಇಳಿಸಿ. ಕಣ್ಣಿನ ಬಿಳಿಗೆ 255 ಬೇಡ, (226, 216, 204) ಹತ್ತಿರ ಇರಲಿ. ಇಲ್ಲದಿದ್ದರೆ ಕತ್ತಲಲ್ಲಿ ಬರೀ ಕಣ್ಣು ತೇಲುತ್ತವೆ, ಆ ನೋಟಕ್ಕೆ ಕಪ್ಪುವರ್ಣೀಯರನ್ನು ಹೀಯಾಳಿಸಿದ ವ್ಯಂಗ್ಯಚಿತ್ರಗಳ ಕೆಟ್ಟ ಇತಿಹಾಸವೇ ಇದೆ.

ನಾಚಿಕೆಯ ಕೆನ್ನೆಗೆ ಗುಲಾಬಿ ಬೇಡ. 7ರ ನಂತರದ ಛಾಯೆಗಳಿಗೆ ದಾಳಿಂಬೆಯಂಥ ಗಾಢ ಕೆಂಪು, ಕಡಿಮೆ ದಟ್ಟಣೆ.

ಪರೀಕ್ಷೆ ಸುಲಭ: ಫೋನಿನ ಬೆಳಕು ಶೇ 30ಕ್ಕೆ ಇಳಿಸಿ, ಸ್ಕ್ರೀನ್‌ಶಾಟನ್ನು ಬೂದು ಮಾಡಿ ನೋಡಿ. ಸಿಟ್ಟು, ನಗು, ಅಳು ಮೂರನ್ನೂ ಬೇರೆಬೇರೆ ಗುರುತಿಸಲಾಗದಿದ್ದರೆ ಕೆಲಸ ಮುಗಿದಿಲ್ಲ.

ಸುರುಳಿಗುಂಗುರು

ಕೂದಲಿನ ಬಗ್ಗೆ ಯಾರೂ ಮುಟ್ಟಿಲ್ಲ, ಹೆಚ್ಚು ದೂರು ಬರುವುದು ಅಲ್ಲೇ. 14ರಲ್ಲಿ ಒಂದು ಆಫ್ರೊ ಅಂದರೆ ಗಾಢ ಬಣ್ಣ ಆರಿಸಿದವರಿಗೆ ನಿಜವಾದ ಆಯ್ಕೆ ಒಂದೇ. ತೀರಾ ಕಡಿಮೆ ಅಂದರೂ ಇವು ಬೇಕು: ಮೋಟು ಆಫ್ರೊ, ದುಂಡು ಆಫ್ರೊ, ಎರಡು ಪಫ್ (ಎತ್ತಿಕಟ್ಟಿದ ಗುಂಗುರಿನ ಉಂಡೆ), ಕಾರ್ನ್‌ರೋ (ನೆತ್ತಿಗೆ ಅಂಟಿಸಿ ಸಾಲಾಗಿ ಹೆಣೆದ ಜಡೆ), ಬಾಕ್ಸ್ ಬ್ರೇಡ್ (ಬಿಡಿಬಿಡಿ ಜಡೆ), ಎರಡೆಳೆ ಟ್ವಿಸ್ಟ್ (ಎರಡು ಎಳೆ ಹುರಿಗೊಳಿಸಿದ್ದು), ಲಾಕ್ಸ್ (ಹಗ್ಗದಂತೆ ಗಂಟುಗಟ್ಟಿದ ಕೂದಲು), ಫೇಡ್ (ಬದಿಗಳಲ್ಲಿ ಇಳಿಯುತ್ತಾ ಮೋಟಾಗುವ ಕಟ್), ಬೋಳು ತಲೆ. ಮಲಗುವ ದೃಶ್ಯವಿದ್ದರೆ ಸ್ಯಾಟಿನ್ ಬಾನೆಟ್ (ಮಲಗುವಾಗ ಕೂದಲು ಮುಚ್ಚುವ ನುಣುಪು ಟೋಪಿ) ಕೂಡ. ಗುಂಗುರನ್ನು ನಂಬರಿನಿಂದ ಕರೆಯುವ ರೂಢಿ ಕೇಶವಿನ್ಯಾಸಕ ಆಂಡ್ರೆ ವಾಕರ್ ಅವರಿಂದ ಬಂದದ್ದು. 4ನೇ ಗುಂಪು ಅತಿ ಬಿಗಿ ಸುರುಳಿ. 3ನೇ ಗುಂಪಿನ ಸಡಿಲ ಗುಂಗುರು ಬಿಡಿಸಿ ಆಫ್ರೊ ಎಂದು ಹೆಸರಿಟ್ಟರೆ ಅದು ಆಫ್ರೊ ಆಗುವುದಿಲ್ಲ.

ಬಾಕ್ಸ್ ಬ್ರೇಡ್ ಒಂದನ್ನೇ ಹತ್ತಿರದಿಂದ ನೋಡೋಣ. ನೆತ್ತಿಯಲ್ಲಿ ಚೌಕ ಚೌಕವಾಗಿ ಬೈತಲೆ ತೆಗೆದಿರುತ್ತಾರೆ, ಗೋಡೆಯ ಇಟ್ಟಿಗೆಯಂತೆ ಒಂದು ಸಾಲಿನ ಚೌಕ ಮೇಲಿನ ಸಾಲಿನ ಎರಡು ಚೌಕಗಳ ನಡುವೆ ಬರುತ್ತದೆ. ಪ್ರತಿ ಜಡೆ ಚೌಕದ ನಡುವಿನಿಂದ ಎದ್ದು, ಸಣ್ಣ ಬಾಗು ತೆಗೆದುಕೊಂಡು ಇಳಿಯುತ್ತದೆ. ತಲೆಯ ಅಗಲ 180 ಪಿಕ್ಸೆಲ್ ಇದ್ದರೆ ಮುಂಭಾಗಕ್ಕೆ 10ರಿಂದ 12 ಜಡೆ ಸಾಕು, ಹೆಣಿಗೆಯ ಗುರುತು ಮುಂದಿನ ನಾಲ್ಕೈದರಲ್ಲಿ ಸ್ಪಷ್ಟವಾಗಿರಲಿ. ಈ ಬೈತಲೆಗಳಲ್ಲಿ ಕಾಣುವುದು ನೆತ್ತಿಯ ಚರ್ಮ. ಅದನ್ನು ಕೂದಲಿನ ಚಿತ್ರದಲ್ಲೇ ಬಿಡಿಸಿಬಿಟ್ಟರೆ ಮೈ ಕಪ್ಪು, ನೆತ್ತಿ ಗೋಧಿ ಬಣ್ಣ ಆಗುತ್ತದೆ. ನೆತ್ತಿಗೆ ಬೇರೆ ಲೇಯರ್ ಮಾಡಿ ಮೈಬಣ್ಣದ ಅದೇ ವೇರಿಯಬಲ್‌ಗೆ ಕಟ್ಟಿ. ಕಾರ್ನ್‌ರೋ ಮತ್ತು ಫೇಡ್‌ಗೂ ಇದೇ ಮಾತು.

ದುಂಡು ಆಫ್ರೊಗೆ ಹೊರ ಅಂಚೇ ಪ್ರಾಣ. ಒಳಗೆಲ್ಲ ಚುಕ್ಕೆ ತುಂಬುವ ಬದಲು ಅಂಚಿನಲ್ಲಿ ಸಣ್ಣ ಸುರುಳಿಗಳ ಗೊಂಚಲು ಬಿಡಿಸಿ, ಹಣೆಯ ಅಂಚಿನಲ್ಲಿ ಕೂದಲು ತೆಳುವಾಗುತ್ತಾ ಚರ್ಮಕ್ಕೆ ಬೆರೆಯಲಿ. ನೀಳಕೂದಲಿಗೆ ಹಾಕುವ ಬಳೆಯಂಥ ಹೊಳಪು ಇಲ್ಲಿ ತಪ್ಪು. ಹೊಳಪು ಮೃದುವಾಗಿ ಹರಡಿರುತ್ತದೆ. ತಲೆಯ ಎತ್ತರ 200 ಪಿಕ್ಸೆಲ್ ಇದ್ದರೆ ಮೇಲೆ ಇನ್ನೂ 100ರಷ್ಟು ಖಾಲಿ ಬೇಕು. ಮೊದಲೇ ಕ್ಯಾನ್ವಾಸ್ ಬಿಗಿಯಾಗಿದ್ದರೆ ಆಫ್ರೊ ನೆತ್ತಿ ಕತ್ತರಿಸಿಹೋಗುತ್ತದೆ, ಸಂಭಾಷಣೆಯ ಪಕ್ಕದ ಸಣ್ಣ ಮುಖಚಿತ್ರದಲ್ಲಿ ಇದು ಹೆಚ್ಚು. ಟೋಪಿ, ಹುಡ್ ಇರುವ ಉಡುಪಿಗೆ ಅದುಮಿದ ಆವೃತ್ತಿಯೊಂದನ್ನು ಬೇರೆ ಇಡಿ.

ಮಾದರಿ ಬೇಕಿದ್ದರೆ ಓಪನ್ ಸೋರ್ಸ್ ಆಫ್ರೊ ಹೇರ್ ಲೈಬ್ರರಿ ಮತ್ತು 2023ರ ಕೋಡ್ ಮೈ ಕ್ರೌನ್ ಕೈಪಿಡಿ ನೋಡಿ. ಎರಡೂ 3ಡಿ ಕೆಲಸಕ್ಕೆ ಮಾಡಿದವು, ಆದರೆ ಬೈತಲೆ ಮತ್ತು ಆಕಾರ ತಿಳಿಯಲು 2ಡಿ ಕಲಾವಿದರಿಗೂ ಉಪಯುಕ್ತ.

ಇನ್ನೊಂದು: ಮೂಗು, ತುಟಿಯ ಆಯ್ಕೆ ಐದೈದಾದರೂ ಇರಲಿ, ಯಾವ ಬಣ್ಣಕ್ಕೂ ಯಾವುದನ್ನೂ ಬೀಗ ಹಾಕಬೇಡಿ. ಬ್ರೇಡ್‌ಗಳನ್ನು ದುಡ್ಡು ಕೊಟ್ಟವರಿಗೆ ಮಾತ್ರ ತೆರೆಯುವ ಕ್ರಮ ದಯವಿಟ್ಟು ಬೇಡ.

ಕತೆಗಂಟು

ಪಠ್ಯಕ್ಕೆ ಬರೋಣ. ಇಡೀ ಸ್ಕ್ರಿಪ್ಟಿನಲ್ಲಿ ಈ ಮಾತುಗಳನ್ನು ಹುಡುಕಿ: ಮುಖ ಕೆಂಪೇರಿತು, ಬಿಳಿಚಿಕೊಂಡಳು, ಹಾಲುಗೆನ್ನೆ, ಕೂದಲು ಗಾಳಿಗೆ ಹಾರಿತು, ಅವಳ ಕೂದಲಲ್ಲಿ ಬೆರಳಾಡಿಸಿದ. ಇವೆಲ್ಲ ಒಂದೇ ಬಗೆಯ ನಾಯಕಿಯನ್ನು ಮನಸ್ಸಲ್ಲಿಟ್ಟು ಬರೆದವು. ಅರ್ಧಕ್ಕರ್ಧ ಕಡೆ ವೇರಿಯಬಲ್ ಬೇಕಾಗುವುದೇ ಇಲ್ಲ, ಕಣ್ಣಿಗೆ ಕಾಣುವುದರ ಬದಲು ಮೈಗೆ ಅನಿಸುವುದನ್ನು ಬರೆದರೆ ಸಾಕು: ಕೆನ್ನೆ ಬಿಸಿಯಾಯಿತು, ಬಾಯಿ ಒಣಗಿತು. ಕೂದಲಿನ ಸಾಲುಗಳಿಗೆ ಮಾತ್ರ ಷರತ್ತು ಹಾಕಿ, ಮೈಬಣ್ಣದ ಮೇಲಲ್ಲ, ಕೂದಲ ಬಗೆಯ ಮೇಲೆ. ಕಾರ್ನ್‌ರೋ ಹಾಕಿದವಳ ಜಡೆಗೆ ಬೆರಳು ತೂರಿಸುವುದು ಆಗದ ಮಾತು, ಕೇಳದೆ ಮುಟ್ಟುವುದು ಅನೇಕ ಕಪ್ಪುವರ್ಣೀಯ ಓದುಗರಿಗೆ ನೋವಿನ ವಿಷಯವೂ ಹೌದು.

ಮನೆಯವರ ಪಾತ್ರಗಳ ಛಾಯೆಯನ್ನು ನಾಯಕಿಯದರಿಂದ ಒಂದು ಮೆಟ್ಟಿಲು ಆಚೀಚೆ ಇಡುವುದು ಸಾಮಾನ್ಯ. ಇಲ್ಲೊಂದು ಹಳ್ಳವಿದೆ. ರೆನ್‌ಪೈ ಬಳಸುವ ಪೈಥಾನ್ ಭಾಷೆಯ ಪಟ್ಟಿಯಲ್ಲಿ 12 ಛಾಯೆಗಳಿಗೆ ಸೂಚಿ 0ರಿಂದ 11. ಅತಿ ತಿಳಿಯವರಿಂದ ಒಂದು ಕಳೆದರೆ −1, ಅಂದರೆ ಪಟ್ಟಿಯ ಕೊನೆಯದು, ಅತಿ ಗಾಢ. 11ಕ್ಕೆ ಒಂದು ಕೂಡಿಸಿದರೆ ದೋಷ, ಅದನ್ನು ತಡೆಯಲು ಪೂರ್ವನಿಯೋಜಿತ ಬಣ್ಣ ಇಟ್ಟಿದ್ದರೆ ತಾಯಿ ಇದ್ದಕ್ಕಿದ್ದಂತೆ ಬಿಳಿಯಳಾಗುತ್ತಾಳೆ. ಕೂಡಿಸಿ ಕಳೆದ ಮೇಲೆ ಬೆಲೆಯನ್ನು 0 ಮತ್ತು 11ರ ನಡುವೆ ಬಂಧಿಸಿ, ಬಣ್ಣ ಸಿಗದಿದ್ದಾಗ ನಾಯಕಿಯದನ್ನೇ ಕೊಡಿ. ಬಾಲ್ಯದ ನೆನಪಿನ ದೃಶ್ಯ, ಕನ್ನಡಿಯ ಬಿಂಬ, ಗೋಡೆಯ ಫೋಟೊ, ಕೈ ಮಾತ್ರ ಕಾಣುವ ಚಿತ್ರ: ಇವನ್ನು ಒಂದೊಂದಾಗಿ ತೆರೆದು ನೋಡಿ, ಮರೆತುಹೋಗುವುದು ಇವೇ.

ಆಯ್ಕೆಯ ಪರದೆ ಮೊದಲು ತೆರೆದಾಗ ಯಾವ ಮುಖ ಕಾಣುತ್ತದೆ ಎಂಬುದೂ ಮುಖ್ಯ. ಪ್ರತಿಸಲ ಯಾದೃಚ್ಛಿಕವಾಗಿ ಬರಲಿ.

ಮಸಿಕುಂಚ

ಕಲರೈಜ್‌ಮ್ಯಾಟ್ರಿಕ್ಸ್ ಹಾಕಿದ ಮೇಲೆ ಕೆಂಪು ಹೋಯಿತು, ಧನ್ಯವಾದ. ಆದರೆ ಅಂಗೈ ಈಗ 12 ಛಾಯೆಗೂ ಒಂದೇ ಗುಲಾಬಿ. ಅದಕ್ಕೂ 12 ಬಣ್ಣ ಆರಿಸಬೇಕೇ?

ಪದರಗಾರ

ಬೇಡ. ನಾಲ್ಕು ಸಾಕು, ಮೂರು ಛಾಯೆಗೆ ಒಂದರಂತೆ. ಕೊನೆಯ ಮೂರಕ್ಕೆ (150, 108, 88) ಇಂದ ಶುರುಮಾಡಿ, ರೇಖೆಗಳನ್ನು ಮಾತ್ರ ಮುಂಗೈಯ ಬಣ್ಣದಲ್ಲಿ ಎಳೆಯಿರಿ. ಅಂಗೈ ಮುಂಗೈ ಸೇರುವ ಅಂಚನ್ನು ಗೆರೆ ಕೊರೆದಂತೆ ಬಿಡದೆ 3 ಪಿಕ್ಸೆಲ್‌ನಷ್ಟು ಮಸುಕು ಮಾಡಿ.