ಅಪ್‌ಡೇಟ್: ‘ಅಗ್ರೀ’ ಜೊತೆ ಟು, ವಿತ್, ಆನ್
ಕಾರವಾರದ ಬೈತಖೋಲದಲ್ಲಿ ದೋಣಿ ಬಾಡಿಗೆಗೆ ಪಡೆಯಲು ಬರೆದ ಇಂಗ್ಲಿಷ್ ಪತ್ರದಲ್ಲಿ ‘ಐ ಅಗ್ರೀ ಟು ಯು’ ಎಂದಿದ್ದುದು ಸರಿಯೇ ಎಂದು ಕಳೆದ ವಾರ ಕೇಳಿದ್ದೆ. ಸರಿಯಲ್ಲ. ‘ಷರತ್ತಿಗೆ ಒಪ್ಪಿದೆ’ ಎನ್ನುವಾಗಿನ ನಮ್ಮ ‘ಗೆ’ ಪ್ರತ್ಯಯವನ್ನು ಕಣ್ಣುಮುಚ್ಚಿ ಎಲ್ಲೆಡೆ ‘ಟು’ ಮಾಡಿಕೊಂಡದ್ದೇ ತಪ್ಪಿನ ಮೂಲವೆಂದು ಈಗ ತಿಳಿಯಿತು. ವ್ಯಕ್ತಿಯೊಂದಿಗೆ ಅಥವಾ ಅವರ ಅಭಿಪ್ರಾಯದೊಂದಿಗೆ ಸಹಮತವಿದ್ದರೆ ‘ವಿತ್’ ಬರುತ್ತದೆ. ಎದುರಿನವರು ಮುಂದಿಟ್ಟ ಪ್ರಸ್ತಾಪಕ್ಕೆ ಸಮ್ಮತಿಸಿದರೆ ‘ಟು’. ಇಬ್ಬರೂ ಕುಳಿತು ಮಾತಾಡಿ ಒಂದು ದರ ನಿಶ್ಚಯಿಸಿದರೆ ‘ಆನ್’. ಆದ್ದರಿಂದ ‘ಐ ಅಗ್ರೀ ಟು ಯುವರ್ ಟರ್ಮ್ಸ್’ ಎಂದೂ, ಬಾಡಿಗೆಯ ಸಾಲನ್ನು ‘ವಿ ಅಗ್ರೀಡ್ ಆನ್ ದ ರೆಂಟ್’ ಎಂದೂ ತಿದ್ದಿದೆ. ‘ಐ ಆಮ್ ಅಗ್ರೀ’ ಎಂಬ ಇನ್ನೊಂದು ಸಾಲನ್ನು ಯಾರಿಗೂ ತೋರಿಸದೆ ಅಳಿಸಿದೆ. ಅಂದಹಾಗೆ, ಸಿಗಡಿ ನನ್ನ ಹೊಟ್ಟೆಗೆ ಆಗಿಬರುವುದಿಲ್ಲ ಎನ್ನಲೂ ಇಂಗ್ಲಿಷಿನಲ್ಲಿ ಇದೇ ‘ಅಗ್ರೀ ವಿತ್’ ಬಳಸಬಹುದಂತೆ.