ಅಲಾಯ್ ಚಕ್ರ ಕಟ್ಟೆಗೆ ಉಜ್ಜಿದೆ: ರಿಪೇರಿ ಮಾಡಿಸೋದಾ, ಬದಲಿಸೋದಾ?

ವಾಕಡ್, ಪುಣೆಯಿಂದ ಪ್ರಶ್ನೆ:

ನಮ್ಮದು ಕ್ರೆಟಾ, 17 ಇಂಚಿನ ಡೈಮಂಡ್ ಕಟ್ ಅಲಾಯ್. ಮಾಲ್ ಒಂದರ ಸುತ್ತು ರ‍್ಯಾಂಪಿನಲ್ಲಿ ಎಡಗಡೆಯ ಎರಡೂ ಚಕ್ರ ಕಟ್ಟೆಗೆ ಉಜ್ಜಿವೆ. ಮುಂದಿನದರ ಅಂಚಿನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳ, ಹಿಂದಿನದು ಬರೀ ಗೀರು. ಸರ್ವೀಸಿನವರು ಹೊಸದೇ ಹಾಕಿ ಅನ್ನುತ್ತಾರೆ. ಟೈರ್ ಅಂಗಡಿಯವನು ಪೌಡರ್ ಕೋಟಿಂಗ್ (ಬಣ್ಣದ ಪುಡಿ ಹಚ್ಚಿ ಅವನ್‌ನಲ್ಲಿ ಬೇಯಿಸುವುದು) ಮಾಡಿಸಿ ಅಂತಾನೆ. ನಾಲ್ಕನ್ನೂ ಮಾರಿ 18 ಇಂಚಿನ ಸೆಟ್ ತಗೋ ಅನ್ನೋದು ನಮ್ಮ ಭಾವನ ಸಲಹೆ. ಪುಣೆ, ಮುಂಬೈ ಕಡೆ ಮಾಡಿಸಿದವರು ಇದ್ದರೆ ಹೇಳಿ.

ಭೋಸರಿಯಿಂದ:

ಮೊದಲು ಟೈರ್ ಬಿಚ್ಚಿಸಿ ಚಕ್ರದ ಒಳಬದಿ ನೋಡಿ. ಎಲ್ಲರೂ ಹೊರಗಿನ ಗೀರು ನೋಡಿ ಸಂಕಟಪಡುತ್ತಾರೆ, ಆದರೆ ನಮ್ಮ ಖಡ್ಡಾಗಳ (ರಸ್ತೆ ಗುಂಡಿಗಳ) ಪೆಟ್ಟು ಕೂತಿರೋದು ಒಳ ಅಂಚಿನಲ್ಲಿ, ಅದು ಹೊರಗಿಂದ ಕಾಣೋದೇ ಇಲ್ಲ. ಬರೀ ಚಕ್ರವನ್ನು ಬ್ಯಾಲೆನ್ಸಿಂಗ್ ಮೆಷಿನ್ ಮೇಲೆ ತಿರುಗಿಸಲು ಹೇಳಿ. ಅಂಚು ಕುಣಿಯುತ್ತಿದ್ದರೆ ಬರಿಗಣ್ಣಿಗೇ ಗೊತ್ತಾಗುತ್ತದೆ. ಅಲ್ಲಿ ಏನೂ ಇಲ್ಲ ಅಂದರೆ ನಿಮ್ಮದು ಬರೀ ಅಂದದ ಸಮಸ್ಯೆ. ಗಾಡಿ ಓಡಿಸಲು ಏನೂ ತೊಂದರೆಯಿಲ್ಲ, ಆರಾಮಾಗಿ ಯೋಚನೆ ಮಾಡಿ.

ಡೈಮಂಡ್ ಕಟ್ ಅಂದರೆ ಇಡೀ ಚಕ್ರಕ್ಕೆ ಬಣ್ಣ ಹೊಡೆದು, ಆಮೇಲೆ ಲೇತ್ ಮೇಲೆ ಕೂರಿಸಿ ಮುಖದ ತೆಳು ಪದರವನ್ನು ಹೆರೆದು, ಹೊಳೆಯುವ ಲೋಹದ ಮೇಲೆ ಪಾರದರ್ಶಕ ಲ್ಯಾಕರ್ ಹಾಕಿರುತ್ತಾರೆ. ನೀವು ನೋಡುತ್ತಿರುವ ಹೊಳಪು ಬಣ್ಣದ್ದಲ್ಲ, ಅಲ್ಯೂಮಿನಿಯಂನದ್ದೇ. ಅದಕ್ಕೇ ಸಿಲ್ವರ್ ಸ್ಪ್ರೇ ಹೊಡೆದು ಮುಚ್ಚುತ್ತೇನೆ ಅನ್ನುವವನನ್ನು ನಂಬಬೇಡಿ, ಬಿಸಿಲಿಗೆ ನಿಲ್ಲಿಸಿದ ಕೂಡಲೇ ತೇಪೆ ಕಾಣುತ್ತದೆ. ಪುಟ್ಟಿಯೂ ಅಷ್ಟೇ. ಬಣ್ಣದ ಕೆಳಗಾದರೆ ನಡೆಯುತ್ತದೆ, ಹೆರೆದ ಮುಖದಲ್ಲಿ ಬೂದು ಕಲೆಯಾಗಿ ಉಳಿಯುತ್ತದೆ.

ಹಾಗಾಗಿ ದಾರಿ ಎರಡೇ. ಕಂಪ್ಯೂಟರ್ ಹೇಳಿದಂತೆ ಓಡುವ ಸಿಎನ್‌ಸಿ ಲೇತ್‌ನಲ್ಲಿ ಮತ್ತೆ ಹೆರೆಸಬೇಕು, ಇಲ್ಲವೇ ಆ ಹೊಳಪಿನ ಆಸೆ ಬಿಟ್ಟು ಇಡೀ ಚಕ್ರಕ್ಕೆ ಒಂದೇ ಬಣ್ಣ ಹಾಕಿಸಬೇಕು. ಹೆರೆಸಿದಷ್ಟೂ ಲೋಹ ಕಡಿಮೆಯಾಗುತ್ತದೆ, ಸಾಬೂನಿನ ಹಾಗೆ, ಆದ್ದರಿಂದ ಒಂದೋ ಎರಡೋ ಸಲಕ್ಕಿಂತ ಜಾಸ್ತಿ ಮಾಡಿಸುವಂಥದ್ದಲ್ಲ. ಇಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಲೇತ್‌ಗೇನೂ ಬರವಿಲ್ಲ, ಆದರೆ ಚಕ್ರದ ಉಬ್ಬುತಗ್ಗನ್ನು ಮೊದಲು ಅಳೆದುಕೊಂಡು ಅದರ ಪ್ರಕಾರ ಹೆರೆಯುವ ಮೆಷಿನ್ ಇದೆಯಾ ಅಂತ ಕೇಳಿ, ಹಿಂದೆ ಮಾಡಿದ ಒಂದು ಚಕ್ರ ತೋರಿಸು ಅನ್ನಿ.

ಪೌಡರ್ ಕೋಟಿಂಗ್ ಆದರೆ ಮೂರು ವಿಷಯ ಕೇಳಲೇಬೇಕು. ಹಳೇ ಬಣ್ಣ ಹೇಗೆ ತೆಗೆಯುತ್ತೀರಿ? ರಾಸಾಯನಿಕದಲ್ಲೋ, ಬ್ಲಾಸ್ಟಿಂಗ್‌ನಲ್ಲೋ ಅಂದರೆ ಸರಿ. ಟಾರ್ಚ್ ಹಿಡಿದು ಸುಡುತ್ತೇವೆ ಅಂದರೆ ಅಲ್ಲಿಂದ ಎದ್ದು ಬನ್ನಿ, ಯಾಕೆಂದರೆ ಚಕ್ರಕ್ಕೆ ಕಾರ್ಖಾನೆಯಲ್ಲಿ ಶಾಖ ಕೊಟ್ಟು ತಂದ ಗಟ್ಟಿತನ ಅತಿ ಬಿಸಿಗೆ ಇಳಿದುಹೋಗುತ್ತದೆ. ಕೋಟಿಂಗ್ ಅವನ್ ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಇರುತ್ತದೆ, ಅಷ್ಟು ಬಿಸಿಯನ್ನು ಚಕ್ರ ತಡೆಯುತ್ತದೆ. ಎರಡನೆಯದು, ಟೈರ್ ಪ್ರೆಶರ್ ಸೆನ್ಸರ್ ಇದ್ದರೆ ಅವನ್‌ಗೆ ಹೋಗುವ ಮೊದಲೇ ಬಿಚ್ಚಿರಬೇಕು. ಮೂರನೆಯದನ್ನು ಯಾರೂ ಕೇಳುವುದಿಲ್ಲ: ನಟ್ಟು ಕೂರುವ ಜಾಗ ಮತ್ತು ಗಾಡಿಯಲ್ಲಿ ಚಕ್ರ ಕೂರುವ ಹಬ್‌ಗೆ ತಾಗುವ ಹಿಂಭಾಗವನ್ನು ಟೇಪ್ ಹಾಕಿ ಮುಚ್ಚುತ್ತೀರಾ? ಅಲ್ಲಿ ದಪ್ಪ ಪೌಡರ್ ಕೂತರೆ ಓಡಾಡುತ್ತಾ ಅದು ಸವೆದು ನಟ್ಟು ಸಡಿಲವಾಗುತ್ತದೆ.

ಕೋಥ್ರೂಡ್‌ನಿಂದ:

ಹಿಂದಿನ ಚಕ್ರದ ಗೀರು ಹಾಗೇ ಇರಲಿ ಬಿಡಿ. ಮುಂದಿನದನ್ನೂ ಟೈರ್ ಬದಲಿಸುವಾಗ ಮಾಡಿಸಿ. ಆಗ ಹೇಗೂ ಟೈರ್ ಬಿಚ್ಚಬೇಕು, ಬ್ಯಾಲೆನ್ಸಿಂಗೂ ಆಗಬೇಕು, ಒಂದೇ ಖರ್ಚಲ್ಲಿ ಮುಗಿಯುತ್ತದೆ. ಹೊಸ ಬಣ್ಣ ಹಾಕಿಸಿದ ಮೇಲೆ ಮತ್ತೆ ಟೈರ್ ಬಿಚ್ಚಿಸಿದರೆ ಲಿವರ್ ತಾಗಿ ಅಂಚು ಕಿತ್ತುಬರುವ ಸಾಧ್ಯತೆಯೂ ಇದೆ, ಅಲ್ವಾ?

ಇನ್ಶೂರೆನ್ಸ್ ಕ್ಲೇಮ್ ಮಾಡೋಣ ಅಂತಿದ್ದರೆ ಮೊದಲು ಲೆಕ್ಕ ಹಾಕಿ. 1500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ, ಅಂದರೆ ನಮ್ಮ ಕೈಯಿಂದ ಹಾಕಬೇಕಾದ ಪಾಲು, 1000 ರೂಪಾಯಿ. ಅದು ಚಿಕ್ಕದು. ದೊಡ್ಡದು ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ. ಅದು ಮೊದಲ ವರ್ಷ ಶೇ 20ರಿಂದ ಶುರುವಾಗಿ ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಶೇ 50ಕ್ಕೆ ಹೋಗುತ್ತದೆ. ಬೋನಸ್ ಉಳಿಸುವ ಆ್ಯಡ್ ಆನ್ ಇಲ್ಲದಿದ್ದರೆ ಒಂದು ಗೀರಿನ ಕ್ಲೇಮ್‌ಗೆ ಅದಷ್ಟೂ ಸೊನ್ನೆ.

ಚೆಂಬೂರಿನಿಂದ:

ಭಾವನ ಮಾತು ಕೇಳಬೇಡಿ. ನಿಮ್ಮ 215/60 ಟೈರಿನ ಪಕ್ಕೆ ಎತ್ತರ 215ರ ಶೇ 60, ಅಂದರೆ 129 ಮಿಲಿಮೀಟರ್. 18 ಇಂಚಿಗೆ ಹೋಗಿ 215/55 ಹಾಕಿದರೆ 118. ಅಂದರೆ ಖಡ್ಡಾಕ್ಕೂ ಚಕ್ರಕ್ಕೂ ನಡುವೆ ಇರುವ ರಬ್ಬರ್ ಇನ್ನೂ ಕಡಿಮೆ. ಈಗ ಅಂಚು ಉಜ್ಜಿದೆ ಅಂತ ಅಳುವವರು ಆಮೇಲೆ ಬೆಂಡ್ ತೆಗೆಸಲು ಓಡಾಡಬೇಕಾಗುತ್ತದೆ.

ಬದಲಿಸಲೇಬೇಕು ಅಂದರೆ ಒಂದೇ ಒಂದು ಒರಿಜಿನಲ್ ಹುಡುಕಿ. ಹೊಸ ಗಾಡಿ ತಗೊಂಡ ಕೂಡಲೇ ಶೋಕಿಗೆ ದೊಡ್ಡ ಚಕ್ರ ಹಾಕಿಸಿ ಕಂಪನಿಯದನ್ನು ಮಾರುವವರು ಬೇಕಾದಷ್ಟು ಜನ. ನನಗೆ ಕುರ್ಲಾ ಹತ್ತಿರ ಸಿಎಸ್‌ಟಿ ರೋಡಿನಲ್ಲಿ ಹಾಗೇ ಒಂದು ಸಿಕ್ಕಿತು, ಚೌಕಾಸಿಗೆ ಹಿಂದಿ ಸಾಕಾಗಲಿಲ್ಲ, ಅಂಗಡಿಯವನು ಕುಂದಾಪುರದ ಕಡೆಯವನು ಅಂತ ಗೊತ್ತಾದ ಮೇಲೆ ರೇಟು ತಾನಾಗೇ ಇಳಿಯಿತು. ಬಿಲ್ ಮಾತ್ರ ಬಿಡಬೇಡಿ. ಕದ್ದ ಚಕ್ರಗಳೂ ಮಾರಾಟಕ್ಕೆ ಬರುತ್ತವೆ.

ಬೇರೆ ಕಂಪನಿಯ ಸೆಟ್ಟೇ ನೋಡುವುದಾದರೆ ಬೋಲ್ಟು ಕೂತಿತು ಅಂತ ಮುಗಿಯುವುದಿಲ್ಲ. ಕ್ರೆಟಾದ್ದು 5×114.3 (ಐದು ಬೋಲ್ಟು, ಅವು ಕೂರುವ ವೃತ್ತ 114.3 ಮಿಲಿಮೀಟರ್), ಸ್ವಿಫ್ಟ್, ಬಲೆನೊ ಎಲ್ಲ 4×100. ಅದರ ಜೊತೆ ಆಫ್‌ಸೆಟ್ (ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಅನ್ನುವ ಅಳತೆ) ನೋಡಬೇಕು, ನಡುವಿನ ತೂತಿನ ಅಳತೆ ನೋಡಬೇಕು. ತೂತು ದೊಡ್ಡದಿದ್ದರೆ ಹಬ್ ರಿಂಗ್ ಹಾಕಿಸಿ, ಇಲ್ಲದಿದ್ದರೆ ಎಕ್ಸ್‌ಪ್ರೆಸ್‌ವೇಯಲ್ಲಿ ಸ್ಟೇರಿಂಗ್ ನಡುಗುತ್ತದೆ. ಚಕ್ರದ ಮೇಲೆ ಐಎಸ್‌ಐ ಗುರುತು ಇದೆಯಾ ನೋಡಿ. ಹೊರಗಿನಿಂದ ಹಾಕಿಸಿದ ಸೆಟ್ಟನ್ನು ಪಾಲಿಸಿಯಲ್ಲಿ ಬರೆಸದಿದ್ದರೆ ಕಳುವಾದಾಗ ಅದಕ್ಕೆ ದುಡ್ಡು ಬರುವುದಿಲ್ಲ.

ವಾಸ್ಕೋ, ಗೋವಾದಿಂದ:

ಸಮುದ್ರದ ಹತ್ತಿರ ಇರುವವರ ಅನುಭವ ಸ್ವಲ್ಪ ಬೇರೆ. ಲ್ಯಾಕರ್ ಎಲ್ಲಿ ಒಡೆದಿದೆಯೋ ಅಲ್ಲಿಂದ ಉಪ್ಪುನೀರು ಒಳಗೆ ಹೋಗಿ ಬಿಳಿ ಹುಳ ಹರಿದಾಡಿದ ಹಾಗೆ ಗೆರೆ ಬರುತ್ತದೆ, ಅದು ನಿಧಾನಕ್ಕೆ ಹಬ್ಬುತ್ತಾ ಹೋಗುತ್ತದೆ. ನನ್ನ ಕಾರಿಗೆ ಒಂದು ಸಲ ಹೆರೆಸಿದೆ, ಮಳೆಗಾಲ ಕಳೆಯುವಷ್ಟರಲ್ಲಿ ಗೆರೆ ಮತ್ತೆ ಬಂತು. ಆಮೇಲೆ ನಾಲ್ಕಕ್ಕೂ ಗಾಢ ಬೂದು ಪೌಡರ್ ಕೋಟ್ ಹಾಕಿಸಿದೆ. ಹೊಸದರಂತೆ ಹೊಳೆಯುವುದಿಲ್ಲ, ಆದರೆ ತಲೆನೋವಿಲ್ಲ. ತೊಳೆಯಲು ಕಾರ್ ಶಾಂಪೂ ಸಾಕು, ವಾಷಿಂಗ್ ಸೆಂಟರಿನವರು ಆ್ಯಸಿಡ್ ಹಾಕಲು ಬಂದರೆ ತಡೆಯಿರಿ. ಪುಣೆಯಲ್ಲಿ ಈ ಉಪ್ಪುಗಾಳಿ ಇಲ್ಲ, ಹಾಗಾಗಿ ನಿಮಗೆ ಹೆರೆಸಿದ್ದು ಬಾಳಬಹುದು. ಆದರೂ ಗಾಯ ಆಳವಾಗಿ ಲೋಹ ಕಾಣುತ್ತಿದ್ದರೆ ರಿಪೇರಿ ಮಾಡಿಸುವವರೆಗೆ ಸ್ವಲ್ಪ ಕ್ಲಿಯರ್ ಲ್ಯಾಕರ್ ಹಚ್ಚಿಡಿ.

ಮತ್ತೆ ವಾಕಡ್‌ನಿಂದ:

ಟೈರ್ ಬಿಚ್ಚಿಸಿ ನೋಡಿದೆ. ಹಿಂದಿನದು ಸರಿ ಇದೆ. ಮುಂದಿನದರ ಒಳ ಅಂಚು ಸ್ವಲ್ಪ ಬಗ್ಗಿದೆ, ಪಕ್ಕದಲ್ಲೇ ಕೂದಲೆಳೆಯಂಥ ಒಂದು ಗೆರೆ. ವೆಲ್ಡ್ ಮಾಡಿ ಕೊಡುತ್ತೇನೆ, ಏನೂ ಆಗಲ್ಲ ಅಂತಾನೆ ಅಂಗಡಿಯವನು. ಮಾಡಿಸಬಹುದಾ?

ಭೋಸರಿಯಿಂದ:

ಬರೀ ಬಗ್ಗಿದ್ದರೆ ಪ್ರೆಸ್‌ನಲ್ಲಿ ತಿದ್ದಿಸಬಹುದಿತ್ತು. ಕೂದಲೆಳೆ ಗೆರೆ ಅಂದರೆ ಬಿರುಕು, ಅದು ಬಂದ ಮೇಲೆ ಬೇಡ. ಹೊರ ಅಂಚಿನ ತರಚು ತುಂಬಲು ವೆಲ್ಡ್ ಹಾಕುವುದು ಬೇರೆ, ಬಿರುಕು ಮುಚ್ಚಲು ಹಾಕುವುದು ಬೇರೆ. ವೆಲ್ಡ್ ಸುತ್ತಲಿನ ಲೋಹ ಮೆತ್ತಗಾಗುತ್ತದೆ, ಮುಂದಿನ ಖಡ್ಡಾಕ್ಕೆ ಬಿರುಕು ಅದರ ಪಕ್ಕದಲ್ಲೇ ಮತ್ತೆ ಬಾಯಿಬಿಡುತ್ತದೆ. ನಿಮ್ಮೂರಲ್ಲೇ ವೇತಾಳ ಟೇಕಡಿ (ಗುಡ್ಡ) ಮೇಲೆ ವಾಹನಗಳನ್ನು ಪರೀಕ್ಷಿಸುವ ಸಂಸ್ಥೆ ಎಆರ್‌ಎಐ ಇದೆಯಲ್ಲ, ಚಕ್ರಗಳನ್ನು ಬಗ್ಗಿಸಿ, ಹೊರೆ ಹೊರಿಸಿ ತಿರುಗಿಸಿ, ಮೇಲಿಂದ ಭಾರ ಬೀಳಿಸಿ ನೋಡಿದ ಮೇಲೆ ತಾನೇ ಮಾರಾಟಕ್ಕೆ ಒಪ್ಪುವುದು. ಟೈರ್ ಅಂಗಡಿಯ ವೆಲ್ಡ್‌ಗೆ ಆ ಪರೀಕ್ಷೆ ಮಾಡಿದವರು ಯಾರು? ಅದರಲ್ಲೂ ಇದು ಮುಂದಿನ ಚಕ್ರ. ಚೆಂಬೂರಿನವರು ಹೇಳಿದ ಹಾಗೆ ಒಂದು ಒರಿಜಿನಲ್ ಹುಡುಕಿ, ಸಿಗುವವರೆಗೆ ಸ್ಟೆಪ್ನಿ ಹಾಕಿಕೊಳ್ಳಿ. ಅದು ಚಿಕ್ಕ ಅಳತೆಯದ್ದಾದರೆ ಅದರ ಮೇಲೆ ಬರೆದ ವೇಗದ ಮಿತಿ ದಾಟಬೇಡಿ, ದೂರ ಹೋಗಬೇಡಿ.

ಹಳೇ ಚಕ್ರವನ್ನು ಗುಜರಿಗೆ ತೂಕಕ್ಕೆ ಹಾಕಿ, ಅಲ್ಯೂಮಿನಿಯಂಗೆ ಒಳ್ಳೇ ರೇಟಿದೆ. ಆದರೆ ಕೊಡುವ ಮೊದಲು ಅಂಚಿಗೆ ನಾಲ್ಕು ಸುತ್ತಿಗೆ ಏಟು ಹಾಕಿ ಕೊಡಿ. ಇಲ್ಲದಿದ್ದರೆ ಯಾರೋ ಅದಕ್ಕೆ ವೆಲ್ಡ್ ಹಾಕಿ, ಬಣ್ಣ ಬಳಿದು, ಇನ್ನೊಬ್ಬರಿಗೆ ಒರಿಜಿನಲ್ ಅಂತ ಮಾರುತ್ತಾರೆ.

ಚೆಂಬೂರಿನಿಂದ:

ಹೊಸದು ಕೂರಿಸಿದ ಮೇಲೆ ನಟ್ಟುಗಳನ್ನು ಟಾರ್ಕ್ ರೆಂಚ್‌ನಲ್ಲಿ ಮ್ಯಾನುಯಲ್ ಪ್ರಕಾರ ಬಿಗಿಸಲು ಹೇಳಿ, 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಿಸಿ. ಕ್ರೆಟಾದ 17 ಇಂಚಿನದ್ದು ಇಲ್ಲಿ ಕಂಡರೆ ತಿಳಿಸುತ್ತೇನೆ, ಯಾವ ವರ್ಷದ ಮಾಡೆಲ್ ಅಂತ ಬರೆಯಿರಿ. ಡಿಸೈನ್ ಬದಲಾಗಿದೆ.